ನಾಟಿ ಹಚ್ಚುವವಳು ಹಿಂದಕ್ಕೆ ನಡೆಯುತ್ತಾಳೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಾಚಾರ್ಯ ಪಂಪಣ್ಣ ಸರ್ ಅವರೇ, ಇದೇ ಕಾಲೇಜಿನಲ್ಲಿ ಓದಿ ಇಂದು ಸಿಂಧನೂರಿನ ದೊಡ್ಡ ಅಕ್ಕಿ ಗಿರಣಿ ನಡೆಸುತ್ತಿರುವ ಮುಖ್ಯ ಅತಿಥಿ ಆದಪ್ಪನವರೇ, ನನ್ನ ಸಹೋದ್ಯೋಗಿಗಳೇ, ಮಸ್ಕಿ, ಲಿಂಗಸುಗೂರು ಕಡೆಯಿಂದ ಬಸ್ಸು, ಟಂಟಂ ಆಟೋ ಹಿಡಿದು ಬಂದಿರುವ ಪಾಲಕರೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಇನ್ನೂ ಕುರ್ಚಿ ಬಿಟ್ಟು ಏಳದ ಸಭಿಕರೇ, ಮತ್ತು ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತಿರುವ ವಿದ್ಯಾರ್ಥಿಗಳೇ,

ನನಗೆ ಇವತ್ತು ಎರಡು ಕೆಲಸ ಕೊಟ್ಟಿದ್ದಾರೆ. ಮೊದಲನೆಯದು, ನಮ್ಮ ಗಣಕ ವಿಭಾಗದ ಮೂವರು ಹುಡುಗಿಯರು ಮಾಡಿದ ಮೊಬೈಲ್ ಆಟ ಕಲಬುರಗಿಯ ವಿದ್ಯಾರ್ಥಿ ಪ್ರದರ್ಶನಕ್ಕೆ ಆಯ್ಕೆಯಾಗಿರುವುದರಿಂದ ಅವರನ್ನು ಅಭಿನಂದಿಸಿ ಮಾತನಾಡುವುದು. ಎರಡನೆಯದು, ಮಾತು ಮುಗಿದ ಮೇಲೆ ಕಚೇರಿಯವರು ಕೊಟ್ಟಿರುವ ಒಂದು ಪ್ರಕಟಣೆಯನ್ನು ಓದುವುದು. ಅದರ ನಂತರ ಆದಪ್ಪನವರು ಗುಂಡಿ ಒತ್ತಿ ಕಾಲೇಜಿಗೆ ತಾವೇ ಕೊಡಿಸಿದ ಹೊಸ ತಂತ್ರಾಂಶವನ್ನು ಉದ್ಘಾಟಿಸುತ್ತಾರೆ. ಪ್ರಕಟಣೆಯಲ್ಲಿ ಏನಿದೆ ಎಂದು ಈಗಲೇ ಹೇಳಿಬಿಡುತ್ತೇನೆ. ಮುಂದಿನ ವರ್ಷದಿಂದ ನಮ್ಮ ಆಟದ ಚಿತ್ರಕಲೆಯ ಸರ್ಟಿಫಿಕೇಟ್ ಕೋರ್ಸಿನ ಎಲ್ಲ ಕೆಲಸವೂ ಈ ಹೊಸ ತಂತ್ರಾಂಶದಲ್ಲೇ, ಕಾಲೇಜಿನ ಲ್ಯಾಬಿನಲ್ಲೇ, ಮಧ್ಯಾಹ್ನದ ಅವಧಿಯಲ್ಲೇ ಆಗಬೇಕು. ಬೇರೆ ಕಡೆ ಮಾಡಿದ್ದಕ್ಕೆ ಅಂಕ ಇಲ್ಲ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ನಮ್ಮ ಯಜಮಾನರು ಸುನೀಲ ಅವರು ಒಂದು ಮಾತು ಹೇಳಿದರು. "ಆದಪ್ಪನೋರನ್ನ ನಾಕು ಮಾತು ಹೊಗಳು, ಪ್ರಕಟಣೆ ಓದು, ಕುಂತುಬಿಡು. ಹೆಚ್ಚಿಗಿ ಮಾತಾಡಬ್ಯಾಡ" ಎಂದರು. ಆದಪ್ಪನವರನ್ನು ನಾನು ಮನಸಾರೆ ಹೊಗಳುತ್ತೇನೆ. ಓದಿದ ಕಾಲೇಜನ್ನು ನೆನಪಿಟ್ಟುಕೊಂಡು, ಕೇಳದೇ ಇದ್ದರೂ ಬಂದು, "ನಮ್ ಹುಡುಗೂರಿಗೆ ಏನು ಬೇಕ್ರೀ?" ಎಂದು ಕೇಳುವವರು ಎಷ್ಟು ಜನರಿದ್ದಾರೆ? ಅವರ ಮನಸ್ಸು ದೊಡ್ಡದು. ಇದು ಹೊಗಳಿಕೆ. ಮನೆಯವರು ಹೇಳಿದ ಮೊದಲ ಮಾತು ನಡೆಸಿದ್ದೇನೆ. ಉಳಿದದ್ದನ್ನು ನೋಡೋಣ.

ನನ್ನ ವಿಷಯ ಒಣ ವಿಷಯ. ಚಿಕ್ಕ ಚಿಕ್ಕ ಚೌಕಗಳಲ್ಲಿ ಬೊಂಬೆ ಬಿಡಿಸಿ ಅದನ್ನು ನಡೆಸುವುದಕ್ಕೆ ಯಾವ ತಂತ್ರಾಂಶ ಆರಿಸಬೇಕು? ಇದು ತಿಳಿದು ನಮಗೇನಾಗಬೇಕು ಎಂದು ಹಿರಿಯರು ಕೇಳಬಹುದು. ಗುಂಡಿ ಇರುವ ಹಳೆಯ ಮೊಬೈಲಿನಲ್ಲಿ ಹಾವಿನ ಆಟ ಆಡಿದವರು ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಆ ಹಾವು ಏನಿತ್ತು? ಬರೀ ಚೌಕಗಳ ಸಾಲು. ಈಗಲೂ ಎಷ್ಟೋ ಆಟಗಳಲ್ಲಿ ಮನುಷ್ಯರು, ಮರ, ಮನೆ ಎಲ್ಲವನ್ನೂ ಹಾಗೆಯೇ ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ ಕೊಟ್ಟು ಮಾಡುತ್ತಾರೆ. ಆ ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ, ಚೌಕಗಳಿಂದಾದ ಬೊಂಬೆಗೆ ಸ್ಪ್ರೈಟ್ ಎನ್ನುತ್ತಾರೆ. ಕಾಲು ಸ್ವಲ್ಪ ಸ್ವಲ್ಪ ಬದಲಿಸಿದ ನಾಲ್ಕಾರು ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸಿದರೆ ಬೊಂಬೆ ನಡೆಯುತ್ತದೆ. ಅಷ್ಟೇ ವಿದ್ಯೆ.

ನನಗೆ ಈ ಹುಚ್ಚು ಹತ್ತಿದ್ದು ದಿನಪತ್ರಿಕೆಯಿಂದ. ನಮ್ಮ ತಂದೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಪತ್ರಿಕೆಗಳ ಏಜೆಂಟರಾಗಿದ್ದರು. ಹಂಚಿ ಉಳಿದ ಪತ್ರಿಕೆಗಳನ್ನು ಚಾಳೀಸು ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ಒಂದು ದಿನ ಅವರ ಚಾಳೀಸನ್ನು ತೆಗೆದುಕೊಂಡು ಒಬ್ಬ ಮಂತ್ರಿಯ ಫೋಟೋದ ಮೇಲೆ ಹಿಡಿದೆ. "ಅಪ್ಪಾ, ಈ ಸಾಹೇಬರ ಮಾರಿ ತುಂಬ ಬರೇ ಚುಕ್ಕಿ ಅದಾವ" ಎಂದೆ. "ದೂರ ಹಿಡದು ನೋಡವ್ವಾ, ಮನಷಾ ಆಗ್ತಾನ" ಎಂದರು. ಮಂತ್ರಿಗಳ ವಿಷಯದಲ್ಲಿ ಅದು ಈಗಲೂ ನಿಜವಿರಬಹುದು. ನಾನು ಮಾತ್ರ ಹತ್ತಿರ ಹಿಡಿದು ನೋಡುವುದನ್ನು ಬಿಡಲಿಲ್ಲ.

ಆದರೆ ಕಂಪ್ಯೂಟರ್ ಮುಟ್ಟಿದ್ದು ಯಾವಾಗ? ನಮ್ಮ ಹೈಸ್ಕೂಲಿಗೆ ಕಂಪ್ಯೂಟರುಗಳು ಬಂದಿದ್ದವು. ಹೊಸ ಕೋಣೆ, ಹೊಸ ಬೀಗ, ಪ್ರತಿ ಯಂತ್ರಕ್ಕೂ ಹೂವಿನ ಚಿತ್ರದ ಬಟ್ಟೆಯ ಮುಸುಕು. ಧೂಳು ಬೀಳುತ್ತದೆ ಎಂದು ಬಾಗಿಲು ತೆರೆಯುತ್ತಿರಲಿಲ್ಲ. ನಾನು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಆಯುಧ ಪೂಜೆಯ ದಿನ, ಅದಕ್ಕೆ ಕುಂಕುಮ ಹಚ್ಚುವುದಕ್ಕೆ. ನಗಬೇಡಿ, ಅಥವಾ ನಗಿ, ನಾವೂ ಅಂದು ನಕ್ಕೆವು. ಮರುದಿನ ಮತ್ತೆ ಬೀಗ ಬಿತ್ತು. ಪಾಠ ಪುಸ್ತಕದಲ್ಲಿ ಮೌಸಿನ ಚಿತ್ರ ನೋಡಿ ಉತ್ತರ ಬರೆದು ಪಾಸಾದೆವು. ಈ ಮಾತು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಈಗ ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಮೂವರು. ಲಿಂಗಸುಗೂರಿನ ಪ್ರಿಯಾಂಕಾ ಆಟದ ಪ್ರೋಗ್ರಾಂ ಬರೆಯುತ್ತಾಳೆ. ಸಿಂಧನೂರು ಪಕ್ಕದ ಆರ್.ಎಚ್. ಕ್ಯಾಂಪಿನ ಮಮತಾ ಆಟದ ಕಥೆ, ಹೊಲ, ನೀರು, ಕಾಲುವೆ ಹೇಗಿರಬೇಕೆಂದು ಹೇಳುತ್ತಾಳೆ. ಸಂತೆಕಲ್ಲೂರಿನ ಕೌಸರ್ ಬೊಂಬೆಗಳನ್ನು ಬಿಡಿಸುತ್ತಾಳೆ. ಕೌಸರಳ ತಾಯಿ ಜಮೀಲಾಬೀ ಅವರು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಕೌಸರ್ ಬೆಳಗಿನ ತರಗತಿ ಮುಗಿಸಿ, ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಟಂಟಂ ಹಿಡಿದು ಊರು ಸೇರಿ, ಮಧ್ಯಾಹ್ನದಿಂದ ತಾಯಿಯ ಜೊತೆ ರವಿಕೆ ಹೊಲಿಯಲು ಕೂರುತ್ತಾಳೆ. ಆ ಕರಾರಿನ ಮೇಲೆಯೇ ಅವಳು ಕಾಲೇಜಿಗೆ ಬರುತ್ತಿರುವುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಒಂದು ಫೋನಿದೆ, ಅದರ ಗಾಜಿಗೆ ಒಂದು ಮೂಲೆಯಲ್ಲಿ ಬಿರುಕಿದೆ. ಬಟ್ಟೆ ಕೈಯಲ್ಲಿಲ್ಲದ ಹೊತ್ತಿನಲ್ಲಿ ಆ ಫೋನಿನಲ್ಲಿ, ಬೆರಳಿನಿಂದ, ಚೌಕಕ್ಕೆ ಚೌಕ ಸೇರಿಸಿ ಬಿಡಿಸುತ್ತಾಳೆ. ನಾನು ಅವರ ಮನೆಗೆ ಹೋಗಿದ್ದಾಗ ಜಮೀಲಾಬೀ ಅವರು ಕೇಳಿದರು: "ಮೇಡಂರೀ, ಈಕಿ ಫೋನಿನ್ಯಾಗ ಆಟ ಆಡತಾಳೋ, ಕೆಲಸ ಮಾಡತಾಳೋ, ನನಗ ಒಂದೂ ತಿಳಿವಲ್ದು." ಆಟ ಮಾಡುವ ಕೆಲಸ ಮಾಡುತ್ತಾಳಮ್ಮ ಎಂದೆ. ಅವರಿಗೆ ಇನ್ನಷ್ಟು ಗೊಂದಲವಾಯಿತು.

ಈಗ ನಿಮಗೆ ಅರ್ಥವಾಗಿರಬೇಕು. ನನ್ನ ಕೈಯಲ್ಲಿರುವ ಪ್ರಕಟಣೆ ಓದಿದ ಕ್ಷಣ ಈ ಕೋರ್ಸಿನಲ್ಲಿ ಕೌಸರ್ ಇರುವುದಿಲ್ಲ. ಮಧ್ಯಾಹ್ನ ಲ್ಯಾಬಿನಲ್ಲಿ ಕೂತರೆ ಕಾಲೇಜು ಬಿಡಬೇಕು. ಮನೆಯಲ್ಲಿ ಕೂತರೆ ಅಂಕ ಇಲ್ಲ.

ಅವರು ಮಾಡಿದ ಆಟ ಯಾವುದು? ಭತ್ತದ ನಾಟಿಯ ಆಟ. ಕಾಲುವೆಗೆ ನೀರು ಬಂದಿದೆ, ನೀರು ನಿಲ್ಲುವ ಮೊದಲು ಗದ್ದೆಗೆ ಸಸಿ ಹಚ್ಚಿ ಮುಗಿಸಬೇಕು. ಗದ್ದೆ ಸೀಮೆಯ ಮುಕ್ಕುಂದದವರಿಗೆ, ಕ್ಯಾಂಪಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೌಸರ್ ಬಿಡಿಸಿದ ನಾಟಿಯವಳು ಬಹಳ ಚಂದ ಇದ್ದಳು. ಸೀರೆ ಎತ್ತಿ ಕಟ್ಟಿದ್ದಳು, ತಲೆಗೆ ವಸ್ತ್ರ ಸುತ್ತಿದ್ದಳು, ಎಡಗೈಯಲ್ಲಿ ಸಸಿಯ ಕಟ್ಟು. ಬಾಗುತ್ತಾಳೆ, ಕಟ್ಟಿನಿಂದ ಸಸಿ ತೆಗೆಯುತ್ತಾಳೆ, ಕೆಸರಿಗೆ ಊರುತ್ತಾಳೆ, ಮುಂದಕ್ಕೆ ಒಂದು ಹೆಜ್ಜೆ ಇಡುತ್ತಾಳೆ. ಲ್ಯಾಬಿನ ಪರದೆಯಲ್ಲಿ ಅದನ್ನು ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಮತಾ ಮಾತ್ರ ಬಿದ್ದು ಬಿದ್ದು ನಕ್ಕಳು.

"ಏ ಕೌಸರ್, ನೀ ಯಾವಾಗರ ನೆಲ್ಲು ಹಚ್ಚೋದು ನೋಡೀಯೇನಲೇ? ಈಕಿ ಮುಂದ ಮುಂದ ನಡದ್ರ ಹಚ್ಚಿದ ಸಸಿ ಎಲ್ಲಾ ತುಳದು ಕೆಸರಾಗ ಹೂಳತಾಳ!"

ಕೌಸರಳ ಮುಖ ಸಣ್ಣದಾಯಿತು. "ಬಿತ್ತೋರು ಮುಂದಕ್ಕಲ್ಲೇನಬೇ ಹೋಗೋದು? ನಮ್ಮ ಕಡೆ ಕೂರಿಗಿ ಹಿಂದ ಎಲ್ಲಾರೂ ಮುಂದಕ್ಕ ಹೋಗ್ತಾರ" ಎಂದಳು.

ಸಂತೆಕಲ್ಲೂರು ಮಳೆ ನಂಬಿದ ಜೋಳದ ಸೀಮೆ. ಅಲ್ಲಿ ಬಿತ್ತುವವರು ಕೂರಿಗೆಯ ಹಿಂದೆ ಮುಂದಕ್ಕೆ ನಡೆಯುತ್ತಾರೆ. ಸಿಂಧನೂರಿನ ಗದ್ದೆಯಲ್ಲಿ ನಾಟಿ ಹಚ್ಚುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ದಿನಾ ಬಸ್ಸಿನಲ್ಲಿ ಈ ಗದ್ದೆಗಳ ಪಕ್ಕದಲ್ಲೇ ಹೋಗುವ ಹುಡುಗಿ ಅದನ್ನು ಗಮನಿಸಿರಲಿಲ್ಲ. ಗಮನಿಸಿರಲಿಲ್ಲ ಎಂದು ಬೈಯುವುದು ಹೇಗೆ? ಲಿಂಗಸುಗೂರಿನ ನಾನೂ ಚಪ್ಪಾಳೆ ತಟ್ಟಿದವಳೇ.

ಸರಿ, ತಿದ್ದಬೇಕಲ್ಲ. ಪ್ರಿಯಾಂಕಾ ಹೇಳಿದಳು, "ಮೇಡಂ, ಅದೇನು ದೊಡ್ಡ ಮಾತ್ರೀ, ಚಿತ್ರಗಳನ್ನ ಉಲ್ಟಾ ಓಡಿಸಿದ್ರ ಮುಗೀತು." ಕೊನೆಯ ಚಿತ್ರ ಮೊದಲು, ಮೊದಲಿನದು ಕೊನೆಗೆ. ಒಂದು ಗುಂಡಿ ಒತ್ತಿದಳು. ಬೊಂಬೆ ಹಿಂದಕ್ಕೆ ನಡೆಯಿತು. ಕಾಲು ಸರಿಯಾಯಿತು. ಆದರೆ ಕೈ? ಬರಿಗೈ ಕೆಸರಿಗೆ ಹೋಗುತ್ತದೆ, ಸಸಿಯನ್ನು ಹಿಡಿಯುತ್ತದೆ, ಮೇಲಕ್ಕೆತ್ತಿ ಕಟ್ಟಿಗೆ ಸೇರಿಸುತ್ತದೆ. ನಮ್ಮ ನಾಟಿಯವಳು ಊರವರು ಹಚ್ಚಿದ ಸಸಿಯನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡು ಹಿಂದಕ್ಕೆ ಹೊರಟಿದ್ದಳು!

"ಇನ್ನ ಈಕಿನ್ನ ಯಾರೂ ಕೂಲಿಗೆ ಕರಿಯಂಗಿಲ್ಲ ಬಿಡ್ರಿ" ಎಂದಳು ಮಮತಾ.

ಆ ದಿನಗಳಲ್ಲೇ ಈ ಹೊಸ ತಂತ್ರಾಂಶ ಮಾರುವ ಕಂಪನಿಯ ಪ್ರತಿನಿಧಿ ನಮ್ಮ ಲ್ಯಾಬಿಗೆ ಬಂದಿದ್ದರು. ಒಳ್ಳೆಯ ಮನುಷ್ಯ, ನಾವು ಕೊಟ್ಟ ಮಿರ್ಚಿ ಬಜಿ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡೂ ನಗುತ್ತಿದ್ದರು. ಅವರು ಪರದೆಯ ಮೇಲೆ ಬೆಂಕಿ ಉಗುಳುವ ದೊಡ್ಡ ಪ್ರಾಣಿಯೊಂದನ್ನು ಹಾರಿಸಿ ತೋರಿಸಿದರು. ಅದೇ ಪ್ರಾತ್ಯಕ್ಷಿಕೆಯನ್ನು ನೋಡಿ ಆದಪ್ಪನವರೂ ಪಂಪಣ್ಣ ಸರ್ ಅವರೂ ಒಪ್ಪಿದ್ದು. ತಪ್ಪಿಲ್ಲ, ನೋಡಿದರೆ ಯಾರಾದರೂ ಒಪ್ಪುವಂತೆಯೇ ಇತ್ತು. ನಾನು ನಮ್ಮ ನಾಟಿಯವಳನ್ನು ಅದಕ್ಕೆ ಹಾಕಿ ಹಿಂದಕ್ಕೆ ನಡೆಸಿ ಎಂದು ಕೇಳಿದೆ. ಅದರಲ್ಲಿ ನಡಿಗೆ ಸಿದ್ಧವಾಗಿಯೇ ಬರುತ್ತದೆ, ನಾವು ಬಿಡಿಸಬೇಕಾಗಿಲ್ಲ. ಆದರೆ ಸಿದ್ಧವಾಗಿರುವುದು ಮುಂದಕ್ಕೆ ನಡೆಯುವ ನಡಿಗೆ. ಅವರು ತುಂಬಾ ಹೊತ್ತು ಒದ್ದಾಡಿ, "ಹಿಂದಕ್ಕೆ ಯಾಕೆ ಹೋಗಬೇಕು ಮೇಡಂ, ಅವಳ ಮುಖ ಆ ಕಡೆ ತಿರುಗಿಸಿಬಿಡಿ" ಎಂದರು.

ಮುಖ ತಿರುಗಿಸಿದರೆ ಮತ್ತೆ ಸಸಿ ತುಳಿದ ಹಾಗೇ ಆಯಿತಲ್ಲವೇ?

ಇನ್ನೊಂದು ಸಂಗತಿ. ಆ ತಂತ್ರಾಂಶ ಎಲ್ಲ ಅಂಚುಗಳನ್ನೂ ತಾನಾಗಿ ನಯ ಮಾಡುತ್ತದೆ. ದೊಡ್ಡ ಚಿತ್ರಕ್ಕೆ ಅದು ಒಳ್ಳೆಯದೇ. ಆದರೆ ನಮ್ಮ ಬೊಂಬೆಯ ಮೂಗು ಎಂದರೆ ಒಂದು ಚೌಕ. ಕಣ್ಣು ಎಂದರೆ ಒಂದು ಚೌಕ. ಒಂದು ಚೌಕವನ್ನು ನಯ ಮಾಡಿದರೆ ಮೂಗು ಎಲ್ಲಿ ಉಳಿಯಿತು? ಅದರಲ್ಲಿ ಮಾಡಿದ ಕಡತ ಬೇರೆ ಯಾವ ತಂತ್ರಾಂಶದಲ್ಲೂ ತೆರೆಯುವುದಿಲ್ಲ, ಲ್ಯಾಬಿನ ಯಂತ್ರ ಬಿಟ್ಟು ಬೇರೆ ಯಂತ್ರದಲ್ಲೂ ತೆರೆಯುವುದಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಪ್ರತಿನಿಧಿಯ ಎದುರಿಗೇ ತೆರೆಯಲು ನೋಡಿದೆ, ಆಗಲಿಲ್ಲ.

ಹಾಗಾದರೆ ನಾಟಿಯವಳು ಹಿಂದಕ್ಕೆ ನಡೆದದ್ದು ಹೇಗೆ? ಕೌಸರ್ ಒಂದು ವಾರ ತರಗತಿ ಮುಗಿದ ಕೂಡಲೇ ಬಸ್ಸು ಹಿಡಿದಳು, ಲ್ಯಾಬಿನ ಕಡೆ ಬರಲಿಲ್ಲ. ನಾನು ಇವಳು ಬಿಟ್ಟೇ ಹೋದಳು ಎಂದುಕೊಂಡೆ. ಒಂದು ಬೆಳಿಗ್ಗೆ ತರಗತಿಗೆ ಬಂದವಳು ನೇರವಾಗಿ ಕೇಳಿದಳು, "ಮೇಡಂ, ರವಿಕಿ ತೋಳನ್ನ ಮೈಗೆ ಕೂಡಿಸೇ ಕತ್ತರಸ್ತಾರೇನ್ರೀ?"

"ಇಲ್ಲವ್ವಾ, ಬ್ಯಾರೆ ಕತ್ತರಿಸಿ ಆಮ್ಯಾಲೆ ಕೂಡಿಸ್ತಾರ."

"ಹಂಗಾರ ಈಕಿ ಕೈನೂ ಕಾಲೂ ಒಂದರಾಗೇ ಯಾಕ ಬಿಡಿಸಿದ್ನ್ರೀ ನಾ?"

ಫೋನು ತೋರಿಸಿದಳು. ಕಾಲುಗಳನ್ನು ಒಂದು ಪದರದಲ್ಲಿ, ಮೈ ಮತ್ತು ಕೈಗಳನ್ನು ಇನ್ನೊಂದು ಪದರದಲ್ಲಿ ಮತ್ತೆ ಬಿಡಿಸಿದ್ದಳು. ಕಾಲಿನ ಚಿತ್ರಗಳನ್ನು ಮಾತ್ರ ಉಲ್ಟಾ ಜೋಡಿಸಿದ್ದಳು, ಕೈಯವನ್ನು ಹಾಗೇ ಬಿಟ್ಟಿದ್ದಳು. ನಾಟಿಯವಳು ಬಾಗಿ, ಸಸಿ ಊರಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಮಮತಾ ಫೋನನ್ನು ಕಸಿದುಕೊಂಡು ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಈಗ ಕರೀಬಹುದು ಕೂಲಿಗೆ" ಎಂದಳು. ಸಸಿ ಕೀಳುತ್ತಿದ್ದ ಹಳೆಯ ಬೊಂಬೆಯನ್ನೂ ಅವರು ಬಿಸಾಡಲಿಲ್ಲ. ಕಾಲು ನಿಲ್ಲಿಸಿ, ಸಸಿ ಮಡಿಯಲ್ಲಿ ಸಸಿ ಕೀಳುವವಳನ್ನಾಗಿ ಮಾಡಿ ಆಟದ ಮೊದಲಿಗೆ ಹಾಕಿಕೊಂಡರು.

ಆಮೇಲೂ ಒಂದು ತೊಂದರೆ ಆಯಿತು. ಕೌಸರ್ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಬೊಂಬೆ ಪ್ರಿಯಾಂಕಾಳ ಹತ್ತಿರ ಬರುವಷ್ಟರಲ್ಲಿ ಮಸುಕಾಗಿತ್ತು. "ಮೇಡಂ, ಈಕಿ ಮೂಗು ಕರಗಿ ಬಾಯಾಗ ಬಂದೈತ್ರಿ" ಎಂದು ಪ್ರಿಯಾಂಕಾ ಫೋನು ಮಾಡಿದಳು. ಫೋಟೋ ಎಂದು ಕಳಿಸಿದರೆ ವಾಟ್ಸ್‌ಆಪ್ ಚಿತ್ರವನ್ನು ಒತ್ತಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಚೌಕ ಚೌಕವಾಗಿಯೇ ತಲುಪುತ್ತದೆ. ಬಾಗಿಲಲ್ಲಿ ನಿಂತಿರುವ ವಿದ್ಯಾರ್ಥಿಗಳೇ, ಇವತ್ತಿನ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ. ಉಪಯೋಗಕ್ಕೆ ಬರುತ್ತದೆ.

ಈ ಅನುಭವದಿಂದ ತಂತ್ರಾಂಶ ಆರಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಪದರ ಪದರವಾಗಿ ಬಿಡಿಸಲು ಬರಬೇಕು. ಹೊಸ ಚಿತ್ರ ಬಿಡಿಸುವಾಗ ಹಿಂದಿನ ಚಿತ್ರ ನೆರಳಿನಂತೆ ಕೆಳಗೆ ಕಾಣಬೇಕು, ಇಲ್ಲದಿದ್ದರೆ ಕಾಲನ್ನು ಎಷ್ಟು ಸರಿಸಬೇಕೆಂದು ತಿಳಿಯುವುದಿಲ್ಲ. ಚೌಕವನ್ನು ಕೇಳದೆ ನಯ ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ ಚಿತ್ರಗಳನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿ ಸಾಮಾನ್ಯ ಪಿಎನ್‌ಜಿ ಕಡತವಾಗಿ ಹೊರಗೆ ಕೊಡಬೇಕು. ಏಕೆಂದರೆ ಆ ಕಡತವನ್ನು ಯಾರ ಯಂತ್ರದಲ್ಲಾದರೂ ತೆರೆಯಬಹುದು. ಪಿಸ್ಕೆಲ್ ಎಂಬುದೊಂದಿದೆ, ಬ್ರೌಸರಿನಲ್ಲೇ ನಡೆಯುತ್ತದೆ, ಪುಕ್ಕಟೆ. ಒಂದೊಂದು ಚಿತ್ರ ಒಂದೊಂದು ಹೊತ್ತು ನಿಲ್ಲುವಂತೆ ಮಾಡಲು ಅದರಲ್ಲಿ ಬರುವುದಿಲ್ಲ, ಅದು ಅದರ ಕೊರತೆ. ಲಿಬ್ರೆಸ್ಪ್ರೈಟ್ ಇದೆ, ಅದೂ ಪುಕ್ಕಟೆ, ನಮ್ಮ ಲ್ಯಾಬಿನ ಹಳೆಯ ಯಂತ್ರಗಳಲ್ಲೂ ಓಡುತ್ತದೆ. ಏಸ್‌ಪ್ರೈಟ್ ಕೊಳ್ಳಬೇಕಾದದ್ದು, ಈ ಕೆಲಸವನ್ನೇ ಉದ್ಯೋಗ ಮಾಡಿಕೊಂಡವರು ಬಹಳ ಜನ ಅದನ್ನು ಮೆಚ್ಚುತ್ತಾರೆ. ಕೌಸರಳ ಫೋನಿನಲ್ಲಿರುವುದು ನಡುನಡುವೆ ಜಾಹೀರಾತು ತೋರಿಸುವ ಒಂದು ಪುಕ್ಕಟೆ ಆ್ಯಪ್. ಈ ನಾಲ್ಕರಲ್ಲಿ ಯಾವುದರಲ್ಲಿ ಮಾಡಿದರೂ ಹೊರಗೆ ಬರುವ ಕಡತ ಒಂದೇ ಬಗೆಯದು. ಸಿಂಧನೂರಿನಲ್ಲಿ, ಸಂತೆಕಲ್ಲೂರಿನಲ್ಲಿ, ಲಿಂಗಸುಗೂರಿನಲ್ಲಿ ಬೇರೆ ಬೇರೆ ಯಂತ್ರದ ಮುಂದೆ ಕೂತ ಮೂವರು ಒಂದು ಆಟ ಮಾಡಿದ್ದು ಹೀಗೆ.

ಇದನ್ನೆಲ್ಲ ಕಾಲೇಜಿನ ತಂತ್ರಾಂಶ ಆಯ್ಕೆ ಸಮಿತಿಯ ಸಭೆಯಲ್ಲಿ ಹೇಳಿದ್ದೇನೆ. ಪಂಪಣ್ಣ ಸರ್ ತಾಳ್ಮೆಯಿಂದ ಕೇಳಿದರು. ಕೊನೆಗೆ, "ಮಹೇಶ್ವರಿ ಮೇಡಂ, ನೀವು ಹೇಳೋದು ಖರೆ ಐತ್ರಿ. ಆದ್ರ ದಾನಿಗಳು ಕೊಟ್ಟದ್ದನ್ನ ಬಳಸದಿದ್ರ ಅವರಿಗೆ ಬ್ಯಾಸರ ಆಗ್ತೈತಲ್ಲ" ಎಂದರು. ಆದಪ್ಪನವರೇ, ನಿಮಗೆ ಬೇಸರವಾಗುತ್ತದೆಯೇ? ನಿಮ್ಮನ್ನು ನೇರವಾಗಿ ಯಾರೂ ಕೇಳಿರಲಿಲ್ಲ. ನಾನು ಇವತ್ತು ಕೇಳುತ್ತಿದ್ದೇನೆ. ನೀವು ಕೊಟ್ಟದ್ದು ವ್ಯರ್ಥವಾಗುವುದಿಲ್ಲ. ಪೋಸ್ಟರ್, ದೊಡ್ಡ ಚಿತ್ರ, ಜಾಹೀರಾತು ಕಲಿಯುವ ಹುಡುಗರು ಅದನ್ನು ಖಂಡಿತ ಬಳಸುತ್ತಾರೆ, ನಾನೇ ಕೂತು ಕಲಿಸುತ್ತೇನೆ. ಆದರೆ ಅದರಲ್ಲೇ ಮಾಡಬೇಕು, ಇಲ್ಲೇ ಕೂತು ಮಾಡಬೇಕು ಎಂಬ ನಿಯಮ ನೀವು ಹಾಕಿದ್ದಲ್ಲ. ನಿಮಗೆ ಗೌರವ ತೋರಿಸಲು ನಾವು ಹಾಕಿದ್ದು. ನಿಮ್ಮ ಹೆಸರಿನಲ್ಲಿ ಒಂದು ಹುಡುಗಿ ಹೊರಗೆ ಹೋಗುವುದು ಯಾವ ಬಗೆಯ ಗೌರವ?

ನಾನು ಇಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಮುಂದಿನ ವರ್ಷ ಕಲಿಸುತ್ತೇನೆ ಎಂದು ಈಗಷ್ಟೇ ಮಾತು ಕೊಟ್ಟುಬಿಟ್ಟೆ, ಅದನ್ನು ಗಮನಿಸಿದವರು ಗಮನಿಸಿರುತ್ತೀರಿ. ಸುನೀಲ ಅವರು ಹಿಂದಿನ ಸಾಲಿನಲ್ಲಿ ತಲೆ ಹಿಡಿದುಕೊಂಡು ಕೂತಿರುವುದು ನನಗೆ ಕಾಣುತ್ತಿದೆ. ಇರಲಿ.

ಈಗ ಪ್ರಕಟಣೆ. ಇದನ್ನು ನಾನು ಓದುವುದಿಲ್ಲ. ಹರಿಯುವುದಿಲ್ಲ, ಮಡಚಿ ಜೇಬಿಗೂ ಹಾಕಿಕೊಳ್ಳುವುದಿಲ್ಲ. ಈ ಮೇಜಿನ ಮೇಲೆ ಇಡುತ್ತೇನೆ. ಓದುವ ಅಧಿಕಾರ ಅಧ್ಯಕ್ಷರಿಗಿದೆ, ಬದಲಾಯಿಸುವ ಅಧಿಕಾರವೂ ಅವರಿಗೇ ಇದೆ. "ತಂತ್ರಾಂಶ ಯಾವುದಾದರೂ ಆಗಲಿ, ಕೆಲಸ ಎಲ್ಲಿಯಾದರೂ ಆಗಲಿ, ಕಡತ ಎಲ್ಲರಿಗೂ ತೆರೆಯುವಂಥದ್ದಾಗಿರಲಿ" ಎಂದು ಬದಲಾಯಿಸಲು ಒಂದು ಸಾಲು ಸಾಕು. ಪೆನ್ನನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ಹಾಗೆಯೇ ಓದುವುದಾದರೆ ನನ್ನದೊಂದೇ ವಿನಂತಿ. ಕೌಸರಳನ್ನು ನೋಡಿಕೊಂಡು ಓದಿ.

ಕೌಸರ್, ಮೇಲೆ ಬಾರವ್ವಾ. ಫೋನು ತಗೊಂಡು ಬಾ. ಪ್ರಿಯಾಂಕಾ, ಆ ತಂತಿಯನ್ನು ಅವಳ ಫೋನಿಗೆ ಹಚ್ಚು. ಉದ್ಘಾಟನೆಗೆಂದು ಹಾಕಿದ ದೊಡ್ಡ ಪರದೆ ಹೇಗೂ ಖಾಲಿ ಇದೆ. ಮಮತಾ, ನೀನೂ ಬಾ, ಇಬ್ಬರ ಪಕ್ಕ ನಿಲ್ಲು.

ಈಗ ಬಂತು ನೋಡಿ. ದೊಡ್ಡದಾಗಿ ಕಾಣುತ್ತಿದೆಯೇ ಹಿಂದಿನವರಿಗೆ? ಸಸಿ ಊರುತ್ತಾಳೆ, ಹಿಂದಕ್ಕೆ ಸರಿಯುತ್ತಾಳೆ. ಸಸಿ ಊರುತ್ತಾಳೆ, ಹಿಂದಕ್ಕೆ ಸರಿಯುತ್ತಾಳೆ. ಅವಳು ಹಿಂದಕ್ಕೆ ಹೋದಷ್ಟೂ ಎದುರಿಗೆ ಹಸಿರು ಹೆಚ್ಚುತ್ತಾ ಬರುತ್ತದೆ.

ಮಧ್ಯಾಹ್ನದ ಹೊಲಿಗೆ ನಿಲ್ಲಿಸಿ ಸಂತೆಕಲ್ಲೂರಿನಿಂದ ಬಂದ ಜಮೀಲಾಬೀ ಅವರಿಗೆ, ಸರಿಯಾದ ಹೊತ್ತಿಗೆ ನಕ್ಕ ಮಮತಾಳಿಗೆ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಮೈಕು ಬಿಟ್ಟುಕೊಟ್ಟ ಪಂಪಣ್ಣ ಸರ್ ಅವರಿಗೆ, ಮಾತು ಮುಗಿಯುವ ತನಕ ಕುರ್ಚಿ ಬಿಡದ ಆದಪ್ಪನವರಿಗೆ, ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆ. ಅಧ್ಯಕ್ಷರೇ, ಪೆನ್ನು ನಿಮ್ಮ ಬಲಗಡೆ ಇದೆ.

ನಮಸ್ಕಾರ.